ಬಿಳಿ ಬಟ್ಟಲು, ಕೆಂಪು ಹೂ: ಒಂದು ಬಳ್ಳಿಯ ಹೆಸರಿನ ಕಥೆ



ಈ ದಿನ ನಿಮ್ಮೊಡನೆ ಒಂದು ಬಳ್ಳಿಯ ವಿಚಾರ ಮಾತನಾಡಬೇಕೆಂದಿದ್ದೇನೆ. ಬಳ್ಳಿ ಎಂದೆ, ಆದರೆ ಅದು ಪೂರ್ತಿ ಬಳ್ಳಿಯೂ ಅಲ್ಲ, ಪೂರ್ತಿ ಗಿಡವೂ ಅಲ್ಲ. ಆಸರೆ ಇಲ್ಲದ ಕಡೆ ಪೊದೆಯಾಗಿ ಹರಡುತ್ತದೆ. ಆಸರೆ ಸಿಕ್ಕಿದರೆ ಸುತ್ತಿಕೊಂಡು ಮೇಲೇರುತ್ತದೆ. ಮನೆಗಳ ಕಾಂಪೌಂಡಿನ ಮೇಲೆ, ಗೇಟಿನ ಕಮಾನಿನ ಮೇಲೆ, ನರ್ಸರಿಗಳ ಕುಂಡಗಳಲ್ಲಿ ನಿಮ್ಮಲ್ಲಿ ಹಲವರು ಅದನ್ನು ನೋಡಿಯೇ ಇರುತ್ತೀರಿ. ಬಿಳಿಯ ಪುಟ್ಟ ಬಟ್ಟಲುಗಳ ಗೊಂಚಲು; ಒಂದೊಂದು ಬಟ್ಟಲಿನ ಬಾಯಿಂದ ಹೊರಗಿಣುಕುವ ಕಡುಗೆಂಪು ಹೂ; ಆ ಹೂವಿನಿಂದ ಇನ್ನೂ ಮುಂದಕ್ಕೆ ಚಾಚಿದ ಉದ್ದನೆಯ ಎಳೆಗಳು. ಬಿಳಿಯ ಹೃದಯದಿಂದ ರಕ್ತ ಒಸರುತ್ತಿರುವಂತೆ ಕಂಡದ್ದರಿಂದ ಇಂಗ್ಲಿಷಿನವರು ಇದನ್ನು ‘ಬ್ಲೀಡಿಂಗ್ ಹಾರ್ಟ್’ ಬಳ್ಳಿ ಎಂದು ಕರೆದರು.

ಇಲ್ಲೊಂದು ತೊಡಕಿದೆ. ಚೀನಾ, ಕೊರಿಯಾ ಮತ್ತು ಜಪಾನಿನ ಕಡೆಯ ಇನ್ನೊಂದು ತೋಟದ ಸಸ್ಯಕ್ಕೂ ಇಂಗ್ಲಿಷಿನಲ್ಲಿ ಇದೇ ಹೆಸರು. ಅದು ಗಸಗಸೆಯ ಕುಟುಂಬಕ್ಕೆ ಸೇರಿದ್ದು. ಇದಕ್ಕೂ ಅದಕ್ಕೂ ಯಾವ ನಂಟೂ ಇಲ್ಲ. ಬಣ್ಣ, ಆಕಾರ ನೋಡಿ ಇಟ್ಟ ಹೆಸರುಗಳ ಪಾಡೇ ಹೀಗೆ. ಆದ್ದರಿಂದ ಸಸ್ಯವಿಜ್ಞಾನಿಗಳು ಪ್ರತಿಯೊಂದು ಸಸ್ಯಕ್ಕೂ ಎರಡು ಪದಗಳ ಲ್ಯಾಟಿನ್ ಹೆಸರನ್ನು ಇಡುತ್ತಾರೆ. ನಮ್ಮ ಈ ಸಸ್ಯದ ಹೆಸರು ಕ್ಲೆರೋಡೆಂಡ್ರಮ್ ಥಾಮ್ಸೋನಿಯೆ.

ಕೇಳಿದೊಡನೆ ನಿಮಗೆ ಬೇಸರವಾಗಬಹುದು. ಪರೀಕ್ಷೆಗೆ ಬಾಯಿಪಾಠ ಮಾಡಿ, ಉತ್ತರಪತ್ರಿಕೆಯಲ್ಲಿ ಅಡಿಗೆರೆ ಎಳೆದು, ಮನೆಗೆ ಬಂದೊಡನೆ ಮರೆತುಬಿಡುವ ಹೆಸರುಗಳ ಸಾಲಿಗೆ ಇನ್ನೊಂದು ಎಂದುಕೊಳ್ಳಬೇಡಿ. ಈ ಎರಡು ಪದಗಳನ್ನು ಸ್ವಲ್ಪ ಬಿಡಿಸಿ ನೋಡಿದರೆ ಒಂದು ಕಾಡು, ಒಂದು ಬಂದರು, ತೀರಿಕೊಂಡ ಒಬ್ಬ ಹೆಂಗಸು, ವಿಜ್ಞಾನಿಗಳ ಒಂದು ದೀರ್ಘ ಚರ್ಚೆ ಎಲ್ಲವೂ ಹೊರಬರುತ್ತವೆ. ಹೆಸರು ಏನನ್ನು ಉಳಿಸಿಕೊಂಡಿದೆ, ಏನನ್ನು ಬಿಟ್ಟುಕೊಟ್ಟಿದೆ ಎಂಬುದೇ ಇಂದಿನ ನಮ್ಮ ವಿಷಯ. ಆದರೆ ಹೆಸರಿಗೆ ಹೋಗುವ ಮೊದಲು ಸಸ್ಯವನ್ನು ನೋಡೋಣ.

ತವರುಮನೆ

ನಮ್ಮ ಗೋಡೆಗಳ ಮೇಲೆ ಹಬ್ಬಿರುವ ಈ ಸಸ್ಯ ನಮ್ಮ ದೇಶದ್ದಲ್ಲ. ಇದರ ತವರು ಪಶ್ಚಿಮ ಆಫ್ರಿಕಾದ ಮಳೆಕಾಡು. ಘಾನಾ, ನೈಜೀರಿಯ, ಕ್ಯಾಮರೂನ್ ಮುಂತಾದ ದೇಶಗಳ ಕಾಡುಗಳಲ್ಲಿ ಇದು ತಾನಾಗಿ ಬೆಳೆಯುತ್ತದೆ.

ಮಳೆಕಾಡೆಂದರೆ ಎಲ್ಲವೂ ಯಥೇಚ್ಛವಾಗಿ ಸಿಗುವ ಜಾಗ ಎಂದು ನಾವು ತಿಳಿದಿರುತ್ತೇವೆ. ನೀರು ಯಥೇಚ್ಛ, ಸೆಕೆ ಯಥೇಚ್ಛ, ಆದರೆ ಬೆಳಕಿಗೆ ಮಾತ್ರ ಬರ. ಎತ್ತರದ ಮರಗಳ ತಲೆಗಳು ಒಂದಕ್ಕೊಂದು ಹೆಣೆದುಕೊಂಡು ಮೇಲೆ ಚಪ್ಪರ ಹಾಕಿಬಿಟ್ಟಿರುತ್ತವೆ. ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ನೆಲವನ್ನು ಮುಟ್ಟುತ್ತದೆ. ಅಲ್ಲಿ ಮೊಳೆತ ಸಸಿ ಏನು ಮಾಡಬೇಕು? ಒಂದು ದಾರಿ, ದಪ್ಪ ಕಾಂಡ ಕಟ್ಟಿಕೊಂಡು ವರ್ಷಗಟ್ಟಲೆ ಬೆಳೆದು ತಾನೇ ಮರವಾಗುವುದು. ಇನ್ನೊಂದು, ಮಂದ ಬೆಳಕಿನಲ್ಲೇ ತೃಪ್ತಿಪಟ್ಟು ಕೆಳಗೇ ಉಳಿಯುವುದು. ಮೂರನೆಯದು, ಇನ್ನೊಬ್ಬರ ಹೆಗಲ ಮೇಲೆ ಕೈಹಾಕಿ ಹತ್ತುವುದು. ಕಾಂಡ ಕಟ್ಟುವ ಖರ್ಚು ಉಳಿಯಿತು. ಉಳಿದದ್ದನ್ನು ಎಲೆಗೂ ಉದ್ದಕ್ಕೂ ಹಾಕಬಹುದು. ನಮ್ಮ ಸಸ್ಯ ಹಿಡಿದಿರುವುದು ಈ ಮೂರನೆಯ ದಾರಿಯನ್ನು.

ಇದಕ್ಕೆ ಹಾಗಲಬಳ್ಳಿಯಂತೆ ಕುಡಿಬಳ್ಳಿಗಳಿಲ್ಲ, ಮೆಣಸಿನ ಬಳ್ಳಿಯಂತೆ ಗೆಣ್ಣಿನಿಂದ ಹೊರಟು ಅಂಟಿಕೊಳ್ಳುವ ಬೇರುಗಳಿಲ್ಲ. ಎಳೆಯ ಕಾಂಡವೇ ಆಸರೆಯನ್ನು ಸುತ್ತುತ್ತದೆ. ಆಸರೆ ಸಿಗುವವರೆಗೂ ಪೊದೆಯ ಮೇಲೆ ಒರಗಿಕೊಂಡು, ಕೊಂಬೆಗಳ ಸಂದಿಯಲ್ಲಿ ನುಸುಳಿಕೊಂಡು ಸಾಗುತ್ತದೆ. ಸಾಮಾನ್ಯವಾಗಿ ಮೂರು ನಾಲ್ಕು ಮೀಟರ್ ಎತ್ತರ ಏರುತ್ತದೆ. ಎಲೆಗಳು ದೊಡ್ಡವು, ಕಡುಹಸಿರು, ನರಗಳು ಎದ್ದು ಕಾಣುವಂಥವು. ಗೆಣ್ಣಿಗೆ ಎರಡರಂತೆ ಎದುರುಬದುರಾಗಿ ಕೂತಿರುತ್ತವೆ. ಎದುರುಬದುರು ಎಂಬ ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಳೆಯ ಕುಡಿ ಆಸರೆಯನ್ನು ಹೇಗೆ ಹುಡುಕುತ್ತದೆ? ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡವನು ಚಾರ್ಲ್ಸ್ ಡಾರ್ವಿನ್. ಅವನು ನೂರಕ್ಕೂ ಹೆಚ್ಚು ಬಗೆಯ ಹಬ್ಬುವ ಸಸ್ಯಗಳನ್ನು ನೋಡಿ, ಅವುಗಳ ಕುಡಿಗಳು ಗಾಳಿಯಲ್ಲಿ ನಿಧಾನವಾಗಿ ವೃತ್ತಾಕಾರವಾಗಿ ತಿರುಗುತ್ತವೆ ಎಂಬುದನ್ನು ಗಡಿಯಾರ ಹಿಡಿದು ಲೆಕ್ಕ ಹಾಕಿದ. ಕತ್ತಲಲ್ಲಿ ಕೈಚಾಚಿ ಗೋಡೆ ಹುಡುಕುವವರ ಹಾಗೆ ಕುಡಿ ಸುತ್ತುತ್ತಿರುತ್ತದೆ. ಏನಾದರೂ ತಗುಲಿದರೆ ಆ ಸುತ್ತೇ ಹಿಡಿತವಾಗುತ್ತದೆ. 1865ರಲ್ಲಿ ಮೊದಲು ಪ್ರಕಟವಾಗಿ, 1875ರಲ್ಲಿ ಪುಸ್ತಕವಾಗಿ ಬಂದ ಅವನ ಈ ಅಧ್ಯಯನದಲ್ಲಿ ಯಾವ ಸಸ್ಯ ಯಾವ ದಿಕ್ಕಿಗೆ, ಎಷ್ಟು ಹೊತ್ತಿನಲ್ಲಿ ಒಂದು ಸುತ್ತು ಬರುತ್ತದೆ ಎಂಬ ಉದ್ದನೆಯ ಪಟ್ಟಿಯಿದೆ. ಅದರಲ್ಲಿ ನಮ್ಮ ಸಸ್ಯವೂ ಇದೆ. ಇದು ಸೂರ್ಯನ ಹಾದಿಯಲ್ಲಿ ಸುತ್ತುತ್ತದೆ ಎಂದು ಡಾರ್ವಿನ್ ಬರೆದಿದ್ದಾನೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಪ್ರದಕ್ಷಿಣವಾಗಿ, ದೇವಸ್ಥಾನದಲ್ಲಿ ನಾವು ಸುತ್ತು ಬರುವ ದಿಕ್ಕಿನಲ್ಲಿ. ಸುತ್ತುವ ಬಳ್ಳಿಗಳಲ್ಲಿ ಹೆಚ್ಚಿನವು ಅಪ್ರದಕ್ಷಿಣವಾಗಿಯೇ ಹೋಗುತ್ತವೆ ಎಂಬುದೂ ಅವನ ಪಟ್ಟಿಯಿಂದ ತಿಳಿಯುತ್ತದೆ. ಈ ಪಟ್ಟಿಗೆ ಇನ್ನೊಂದು ಕಾರಣಕ್ಕಾಗಿ ನಾವು ಮತ್ತೆ ಬರಬೇಕಾಗುತ್ತದೆ.

ಹೂವಿನ ಒಳಗೆ

ಈಗ ಒಂದು ಗೊಂಚಲನ್ನು ಹತ್ತಿರದಿಂದ ನೋಡೋಣ. ಬಿಳಿಯ ದಳಗಳು ಎಂದು ನಾವು ಕರೆಯುವ ಭಾಗ ದಳಗಳೇ ಅಲ್ಲ. ಗುಲಾಬಿ ಮೊಗ್ಗಿನ ಕೆಳಗೆ ಹಸಿರಾಗಿ ಇರುತ್ತವಲ್ಲ, ಆ ಪುಷ್ಪಪತ್ರಗಳು ಇಲ್ಲಿ ಬಿಳಿಯಾಗಿ ಉಬ್ಬಿ, ಐದು ಏಣುಗಳ ಬಟ್ಟಲಾಗಿವೆ. ಬಟ್ಟಲಿನ ಉದ್ದ ಎರಡೂವರೆ ಸೆಂಟಿಮೀಟರಿನಷ್ಟು. ನಿಜವಾದ ದಳಗಳು ಒಳಗಿನ ಕೆಂಪು ಭಾಗ. ಅವು ಕೂಡಿ ಕಿರಿದಾದ ಕೊಳವೆಯಾಗಿ, ತುದಿಯಲ್ಲಿ ಐದು ಹಾಲೆಗಳಾಗಿ ಬಿಚ್ಚಿಕೊಳ್ಳುತ್ತವೆ.

ಈ ಏರ್ಪಾಟಿನಿಂದ ಗಿಡಕ್ಕೇನು ಲಾಭ? ಕೆಂಪು ದಳಗಳು ಕೆಲವು ದಿನಗಳಲ್ಲಿ ಉದುರಿಹೋಗುತ್ತವೆ. ಬಿಳಿ ಬಟ್ಟಲು ಮಾತ್ರ ವಾರಗಟ್ಟಲೆ ಉಳಿಯುತ್ತದೆ. ಹಳತಾದಂತೆ ನಸುಗೆಂಪು, ಆಮೇಲೆ ನೇರಳೆ ಛಾಯೆಗೆ ತಿರುಗುತ್ತದೆ. ಹೀಗೆ ಒಂದೊಂದೇ ಹೂ ಅರಳಿ ಮುಗಿದರೂ ಗೊಂಚಲು ಒಟ್ಟಾರೆ ದೂರಕ್ಕೆ ಕಾಣುತ್ತಲೇ ಇರುತ್ತದೆ. ಮಂದ ಬೆಳಕಿನ ಕಾಡಿನಲ್ಲಿ ಬಿಳಿಯಷ್ಟು ಎದ್ದು ಕಾಣುವ ಬಣ್ಣ ಇನ್ನೊಂದಿಲ್ಲ. ಅಂಗಡಿಯ ಬೋರ್ಡು ಸದಾ ತೂಗಾಡುತ್ತಿರುತ್ತದೆ, ಒಳಗಿನ ಸರಕು ಮಾತ್ರ ದಿನದಿನವೂ ಹೊಸದು ಎಂದಿಟ್ಟುಕೊಳ್ಳಿ.

ಕೊಳವೆಯಿಂದ ಹೊರಗೆ ಚಾಚಿರುವ ಎಳೆಗಳಲ್ಲಿ ನಾಲ್ಕು ಕೇಸರಗಳು, ಒಂದು ಶಲಾಕೆ. ಇವುಗಳ ನಡವಳಿಕೆಯನ್ನು ನೋಡಲೇಬೇಕು. ಹೂ ಹೊಸದಾಗಿ ಅರಳಿದಾಗ ನಾಲ್ಕು ಕೇಸರಗಳೂ ಮುಂದಕ್ಕೆ ನೆಟ್ಟಗೆ ಚಾಚಿರುತ್ತವೆ, ತುದಿಯ ಪರಾಗ ಉದುರಲು ಸಿದ್ಧವಾಗಿರುತ್ತದೆ. ಆಗ ಶಲಾಕೆ ಕೆಳಕ್ಕೆ ಬಾಗಿ ದೂರ ಸರಿದಿರುತ್ತದೆ. ಪರಾಗ ಹಂಚಿ ಮುಗಿದ ಮೇಲೆ ಕೇಸರಗಳು ಕೆಳಕ್ಕೆ ಸುರುಳಿ ಸುತ್ತಿಕೊಳ್ಳುತ್ತವೆ. ಶಲಾಕೆ ಮೇಲೆದ್ದು, ಕೇಸರಗಳಿದ್ದ ಜಾಗಕ್ಕೇ ಬಂದು ನಿಂತು, ತನ್ನ ಇಬ್ಭಾಗದ ತುದಿಯನ್ನು ತೆರೆಯುತ್ತದೆ. ಉದ್ದನೆಯ ಹೀರುನಳಿಗೆಯಿರುವ ಚಿಟ್ಟೆ, ಪತಂಗಗಳಿಗೆ ಹೊಂದುವ ಹೂ ಇದು. ಎಳೆಯ ಹೂವಿಗೆ ಬಂದ ಕೀಟದ ಮೈಯ ಯಾವ ಜಾಗಕ್ಕೆ ಪರಾಗ ತಗುಲಿತೋ, ಹಳೆಯ ಹೂವಿಗೆ ಹೋದಾಗ ಅದೇ ಜಾಗಕ್ಕೆ ಶಲಾಕೆಯ ತುದಿ ತಗುಲುತ್ತದೆ. ತನ್ನ ಪರಾಗ ತನಗೇ ಬೀಳದಂತೆ ತಡೆಯುವ ಉಪಾಯ ಇದು. ಒಂದೇ ಹೂ ಮೊದಲು ಗಂಡಾಗಿ, ಆಮೇಲೆ ಹೆಣ್ಣಾಗಿ ಎರಡು ಪಾತ್ರ ವಹಿಸುತ್ತದೆ.

ಕಾಯಿ ಕಟ್ಟಿದರೆ ಅದು ಬಟ್ಟಲಿನೊಳಗೇ ಬಲಿಯುತ್ತದೆ. ಮಾಗಿದಾಗ ನಾಲ್ಕು ಹೋಳುಗಳಾಗಿ ಬಿರಿಯುತ್ತದೆ. ಹೊರಮೈ ಹೊಳೆಯುವ ಕಪ್ಪು, ಒಳಮೈಯಲ್ಲಿ ಕೆಂಪು ತಿರುಳು. ಕಪ್ಪು ಮತ್ತು ಕೆಂಪು ಜೊತೆಯಾಗಿ ಕಂಡರೆ ಅದು ಸಾಮಾನ್ಯವಾಗಿ ಹಕ್ಕಿಗಳಿಗೆ ಕೊಟ್ಟ ಕರೆ. ನಾಲ್ಕು ಹೋಳು ಎಂಬುದನ್ನೂ ನೆನಪಿನಲ್ಲಿಡಿ.

ಬಂದರಿನಿಂದ ಬಂದ ಹೆಸರು

ಈಗ ಹೆಸರಿಗೆ ಬರೋಣ. ಎರಡನೆಯ ಪದವನ್ನೇ ಮೊದಲು ತೆಗೆದುಕೊಳ್ಳೋಣ: ಥಾಮ್ಸೋನಿಯೆ.

ನೈಜೀರಿಯದ ಆಗ್ನೇಯ ಮೂಲೆಯಲ್ಲಿ, ಕ್ರಾಸ್ ನದಿ ಸಮುದ್ರ ಸೇರುವ ಕಡೆಯಲ್ಲಿ ಕಲಬಾರ್ ಎಂಬ ಊರಿದೆ. ಎಫಿಕ್ ಜನರ ಊರು. ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಓಲ್ಡ್ ಕಲಬಾರ್ ಎನ್ನುತ್ತಿದ್ದರು. ಅದಕ್ಕೆ ಹಿಂದಿನ ಕಾಲದಲ್ಲಿ ಅಸಂಖ್ಯ ಆಫ್ರಿಕನ್ನರನ್ನು ಗುಲಾಮರನ್ನಾಗಿ ಹಡಗು ಹತ್ತಿಸಿದ ಬಂದರುಗಳಲ್ಲಿ ಅದೂ ಒಂದು. ಆ ವ್ಯಾಪಾರ ನಿಂತು ತಾಳೆ ಎಣ್ಣೆಯ ವ್ಯಾಪಾರ ಬೆಳೆಯುತ್ತಿದ್ದ ದಿನಗಳಲ್ಲಿ, 1846ರಲ್ಲಿ, ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಪಂಗಡದ ಮಿಷನರಿಗಳು ಅಲ್ಲಿ ನೆಲೆ ಹೂಡಿದರು. ಸೊಳ್ಳೆಯಿಂದ ಮಲೇರಿಯ ಹರಡುತ್ತದೆ ಎಂಬುದು ಯಾರಿಗೂ ತಿಳಿದಿರದ ಕಾಲ ಅದು. ಹೊರಗಿನಿಂದ ಆ ಕರಾವಳಿಗೆ ಹೋದವರಲ್ಲಿ ಎಷ್ಟೋ ಮಂದಿ ಹಿಂದಿರುಗಲಿಲ್ಲ.

ಆ ಮಿಷನರಿಗಳಲ್ಲಿ ಒಬ್ಬರು ವಿಲಿಯಂ ಕೂಪರ್ ಥಾಮ್ಸನ್. ಅವರಿಗೆ ಗಿಡಗಳಲ್ಲಿ ಆಸಕ್ತಿ. ಕಲಬಾರಿನ ಸುತ್ತಲಿನ ಸಸ್ಯಗಳನ್ನು ಎಡಿನ್‌ಬರೋ ನಗರದ ಸಸ್ಯೋದ್ಯಾನಕ್ಕೆ ಕಳಿಸುತ್ತಿದ್ದರು. ಅಲ್ಲಿ ಅವನ್ನು ಪರಿಶೀಲಿಸುತ್ತಿದ್ದವರು ಪ್ರೊಫೆಸರ್ ಜಾನ್ ಹಟನ್ ಬಾಲ್ಫರ್. ಬಿಳಿ ಬಟ್ಟಲಿನ ಕೆಂಪು ಹೂವಿನ ಈ ಸಸ್ಯ ವಿಜ್ಞಾನಕ್ಕೆ ಹೊಸದು ಎಂದು ಕಂಡುಬಂದಾಗ, ತೀರಿಕೊಂಡಿದ್ದ ತಮ್ಮ ಮೊದಲ ಹೆಂಡತಿಯ ನೆನಪಿಗೆ ಅದಕ್ಕೆ ಹೆಸರಿಡಬೇಕೆಂದು ಥಾಮ್ಸನ್ ಕೇಳಿಕೊಂಡರು. 1862ರಲ್ಲಿ ಬಾಲ್ಫರ್ ಹಾಗೆಯೇ ಹೆಸರಿಟ್ಟರು.

ತೀರಿಕೊಂಡವರ ಹೆಸರಿನಲ್ಲಿ ಅರವಟ್ಟಿಗೆ ಇಡಿಸುವುದು, ಬಾವಿ ತೋಡಿಸುವುದು, ಸಾಲುಮರ ನೆಡಿಸುವುದು ನಮ್ಮಲ್ಲೂ ಇದೆ. ಆದರೆ ಇಲ್ಲಿನ ಸ್ಮಾರಕ ಎಷ್ಟು ಸೂಕ್ಷ್ಮವಾದದ್ದು ನೋಡಿ. ಲ್ಯಾಟಿನ್ ವ್ಯಾಕರಣದ ಪ್ರಕಾರ, ಗಂಡಸಿನ ಗೌರವಕ್ಕಾಗಿ ಇಟ್ಟ ಹೆಸರಾದರೆ ಕೊನೆಯಲ್ಲಿ ‘ಥಾಮ್ಸೋನಿಯೈ’ ಎಂದಾಗುತ್ತದೆ. ಹೆಂಗಸಿನ ಗೌರವಕ್ಕಾದರೆ ‘ಥಾಮ್ಸೋನಿಯೆ’. ಕನ್ನಡದಲ್ಲಿ ಬರೆದರೆ ಕೊನೆಯಕ್ಷರದ ಎತ್ವ, ಐತ್ವಗಳಷ್ಟೇ ವ್ಯತ್ಯಾಸ. ಆಕೆಯ ಇಡೀ ನೆನಪು ನಿಂತಿರುವುದು ಆ ಒಂದು ಸ್ವರದ ಮೇಲೆ.

ಆ ಸ್ವರವೂ ಅಲುಗಾಡಿದೆ. ಡಾರ್ವಿನ್ನನ ಪಟ್ಟಿಗೆ ಮತ್ತೆ ಬರಬೇಕೆಂದೆನಲ್ಲ, ಕಾರಣ ಇದೇ. ಅದರಲ್ಲಿ ಈ ಸಸ್ಯದ ಹೆಸರು ‘ಥಾಮ್ಸೋನಿಯೈ’ ಎಂದು ಅಚ್ಚಾಗಿದೆ! ಕುಡಿ ಯಾವ ದಿಕ್ಕಿಗೆ ತಿರುಗುತ್ತದೆ ಎಂಬುದನ್ನು ಅಷ್ಟು ಎಚ್ಚರಿಕೆಯಿಂದ ದಾಖಲಿಸಿದ ಪುಟದಲ್ಲೇ ಹೆಂಡತಿ ಹೋಗಿ ಗಂಡ ಬಂದುಬಿಟ್ಟಿದ್ದಾನೆ. ಬಾಲ್ಫರ್ ಇಟ್ಟ ಮೂಲ ರೂಪ ‘ಥಾಮ್ಸೋನೆ’ ಎಂದಿತ್ತು; ಸಸ್ಯಗಳಿಗೆ ಹೆಸರಿಡುವ ಅಂತಾರಾಷ್ಟ್ರೀಯ ನಿಯಮಗಳ ಪ್ರಕಾರ ತಿದ್ದಿ ಈಗ ‘ಥಾಮ್ಸೋನಿಯೆ’ ಎಂದು ಬರೆಯುತ್ತಾರೆ. ತಿದ್ದುಪಡಿಯಲ್ಲೂ ಹೆಂಗಸು ಉಳಿದಳು.

ಆದರೂ ಈ ಹೆಸರಿನಲ್ಲಿ ಇಲ್ಲದಿರುವುದನ್ನೂ ನಾವು ಕಾಣಬೇಕು. ಆಕೆಯ ಸ್ವಂತ ಹೆಸರು ಇದರಲ್ಲಿಲ್ಲ. ಮದುವೆಯಿಂದ ಬಂದ ಮನೆತನದ ಹೆಸರಷ್ಟೇ ಇದೆ. ಈ ಹೂವನ್ನು ತಲೆತಲಾಂತರದಿಂದ ನೋಡಿದ್ದ ಕಲಬಾರಿನ ಜನರ ನುಡಿಯ ಒಂದು ಅಕ್ಷರವೂ ಇಲ್ಲ. ‘ವಿಜ್ಞಾನಕ್ಕೆ ಹೊಸದು’ ಎಂಬ ಮಾತನ್ನು ಪುಸ್ತಕಗಳಲ್ಲಿ ಓದಿದಾಗಲೆಲ್ಲ, ಅದು ಅಲ್ಲಿನ ಜನರಿಗೆ ಹೊಸದಾಗಿರಲಿಲ್ಲ ಎಂಬುದನ್ನು ನೀವು ಮನಸ್ಸಿನಲ್ಲಿ ಸೇರಿಸಿಕೊಳ್ಳಬೇಕು.

ಅದೇ ಪಾರ್ಸೆಲ್ಲಿನ ದಾರಿಯಲ್ಲಿ ಬಂದ ವಿಷ

ಸ್ಥಳೀಯರ ತಿಳಿವಳಿಕೆ ಎಷ್ಟು ಆಳವಾದದ್ದು ಎಂಬುದಕ್ಕೆ ಇದೇ ಥಾಮ್ಸನ್ ಕಳಿಸಿದ ಇನ್ನೊಂದು ಸಸ್ಯ ಸಾಕ್ಷಿ. ಕಲಬಾರಿನಲ್ಲಿ ‘ಎಸೆರೆ’ ಎಂಬ ಒಂದು ಅವರೆಯ ಜಾತಿಯ ಬೀಜವಿತ್ತು. ಮಾಟದ ಆಪಾದನೆ ಬಂದವರಿಗೆ ಅದನ್ನು ಕುಡಿಸುತ್ತಿದ್ದರು. ವಾಂತಿ ಮಾಡಿಕೊಂಡು ಬದುಕಿದರೆ ನಿರ್ದೋಷಿ, ಸತ್ತರೆ ದೋಷಿ. 1855ರಲ್ಲಿ ಎಡಿನ್‌ಬರೋದ ವಿಷಶಾಸ್ತ್ರಜ್ಞ ರಾಬರ್ಟ್ ಕ್ರಿಸ್ಟಿಸನ್ ಆ ಬೀಜದ ಚೂರನ್ನು ತಾನೇ ತಿಂದು ನೋಡಿ, ಪ್ರಾಣಕ್ಕೆ ಕುತ್ತು ಬಂದಾಗ ಗಡ್ಡ ಕೆರೆದುಕೊಂಡ ನೀರನ್ನೇ ಕುಡಿದು ವಾಂತಿ ಮಾಡಿಕೊಂಡು ಬದುಕಿದ. ಬೀಜ ಬಿಡುವ ಬಳ್ಳಿ ಯಾವುದೆಂದು ವಿಜ್ಞಾನಿಗಳಿಗೆ ಗೊತ್ತಾದದ್ದು ಥಾಮ್ಸನ್ ಕಳಿಸಿದ ಮಾದರಿಗಳಿಂದ. ಬಾಲ್ಫರ್ ಅದಕ್ಕೆ ಫೈಸೊಸ್ಟಿಗ್ಮ ವೆನೆನೋಸಮ್ ಎಂದು ಹೆಸರಿಟ್ಟರು.

1864ರಲ್ಲಿ ಅದರಿಂದ ಫೈಸೊಸ್ಟಿಗ್ಮಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಲಾಯಿತು. ಕಣ್ಣಿನ ಒಳ ಒತ್ತಡ ಏರುವ ಗ್ಲಾಕೋಮ ರೋಗಕ್ಕೆ ಅದು ಔಷಧವಾಯಿತು. ಉಮ್ಮತ್ತಿಯಂಥ ಗಿಡಗಳಲ್ಲಿರುವ ಅಟ್ರೊಪಿನ್ ವಿಷಕ್ಕೆ ಪ್ರತಿವಿಷವೂ ಆಯಿತು. 1935ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ತೋರಿಸಿದವರು ಪರ್ಸಿ ಜೂಲಿಯನ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ. ಅವರು ಗುಲಾಮರಾಗಿದ್ದವರ ಮೊಮ್ಮಗ. ಯಾವ ಕರಾವಳಿಯಿಂದ ಜನರನ್ನು ಸರಪಳಿ ಹಾಕಿ ಹಡಗು ಹತ್ತಿಸಿದ್ದರೋ, ಆ ಕರಾವಳಿಯ ಬೀಜದ ಗುಟ್ಟನ್ನು ಅಂಥವರ ವಂಶದವರೊಬ್ಬರು ಬಿಡಿಸಿದರು. ಒಂದು ಕಾಡಿನ ಅಂಚಿನಿಂದ ಒಂದು ಚೆಲುವಿನ ಬಳ್ಳಿ, ಒಂದು ಸಾವಿನ ಬಳ್ಳಿ ಹೊರಟವು. ಒಂದು ತೋಟಗಳಿಗೆ ಹೋಯಿತು, ಇನ್ನೊಂದು ಆಸ್ಪತ್ರೆಗೆ ಹೋಯಿತು.

ಅದೃಷ್ಟದ ಮರ

ಇನ್ನು ಮೊದಲ ಪದ: ಕ್ಲೆರೋಡೆಂಡ್ರಮ್. ಗ್ರೀಕ್ ಭಾಷೆಯಲ್ಲಿ ‘ಕ್ಲೆರೋಸ್’ ಎಂದರೆ ಚೀಟಿ ಎತ್ತುವುದು, ಪಾಲಿಗೆ ಬಂದದ್ದು, ಅದೃಷ್ಟ. ‘ಡೆಂಡ್ರಾನ್’ ಎಂದರೆ ಮರ. ಈ ಜಾತಿಯ ಹೆಸರು ನಮ್ಮ ನೆರೆಯ ಸಿಂಹಳದ್ವೀಪದ ಸಸ್ಯಗಳಿಂದ ಯೂರೋಪಿಗೆ ಪರಿಚಿತವಾದದ್ದು. ಲಿನೇಯಸ್ ಒಂದು ಪ್ರಭೇದಕ್ಕೆ ‘ಫಾರ್ಚುನೇಟಮ್’, ಅಂದರೆ ಅದೃಷ್ಟವಂತ ಎಂದೂ, ಇನ್ನೊಂದಕ್ಕೆ ‘ಇನ್‌ಫಾರ್ಚುನೇಟಮ್’, ಅಂದರೆ ನತದೃಷ್ಟ ಎಂದೂ ಹೆಸರಿಟ್ಟ. ಆ ‘ನತದೃಷ್ಟ’ ಪ್ರಭೇದ ನಮ್ಮ ಪಶ್ಚಿಮ ಘಟ್ಟದ ಕಾಡಂಚುಗಳಲ್ಲೂ ಉಂಟು. ಬಿಳಿ ಹೂ, ಕೆಂಪಾಗುವ ಬಟ್ಟಲು, ನಡುವೆ ಕಪ್ಪು ಹಣ್ಣು. ಆಫ್ರಿಕದ ಬಳ್ಳಿಗೆ ನಮ್ಮ ಮಲೆನಾಡಿನಲ್ಲಿ ಹೀಗೊಂದು ನೆಂಟಸ್ತಿಕೆ ಇದೆ. ನಾಟಿವೈದ್ಯದಲ್ಲಿ ಹೆಸರಾದ ಗಂಟುಬಾರಂಗಿಯನ್ನೂ ಬಹುಕಾಲ ಇದೇ ಜಾತಿಯಲ್ಲಿ ಇಟ್ಟಿದ್ದರು. 1998ರಲ್ಲಿ ಅದನ್ನು ರೊಥೆಕ ಎಂಬ ಬೇರೆ ಜಾತಿಗೆ ಸೇರಿಸಿದರು.

ಮನೆತನ ಬದಲಾಯಿತೇ?

ಕೊನೆಯದಾಗಿ ಕುಟುಂಬದ ವಿಚಾರ. ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಹಳೆಯ ಸಸ್ಯಶಾಸ್ತ್ರ ಪುಸ್ತಕವಿದ್ದರೆ ತೆಗೆದು ನೋಡಿ. ಬೆಂಥಮ್ ಮತ್ತು ಹೂಕರ್ ಅವರ ಪದ್ಧತಿಯನ್ನು ಅನುಸರಿಸಿದ ಪುಸ್ತಕವಾದರೆ, ಕ್ಲೆರೋಡೆಂಡ್ರಮ್ ವರ್ಬಿನೇಸಿ ಕುಟುಂಬದಲ್ಲಿರುತ್ತದೆ. ಡಾರ್ವಿನ್ ಬರೆದದ್ದೂ ಹಾಗೆಯೇ. ಇಂದಿನ ಪುಸ್ತಕದಲ್ಲಿ ಅದು ಪುದೀನದ ಕುಟುಂಬವಾದ ಲ್ಯಾಮಿಯೇಸಿಯಲ್ಲಿದೆ. ಏನಾಯಿತು?

ಎರಡು ಕುಟುಂಬಗಳೂ ನೋಡಲು ಒಂದೇ ತರಹ. ಎರಡರಲ್ಲೂ ಎಲೆಗಳು ಎದುರುಬದುರು, ಕಾಂಡ ಬಹುಮಟ್ಟಿಗೆ ಚೌಕ, ಸಾಮಾನ್ಯವಾಗಿ ಕೇಸರ ನಾಲ್ಕು, ಅಂಡಾಶಯದಲ್ಲಿ ನಾಲ್ಕು ಕೋಣೆ, ಹಣ್ಣಿನಲ್ಲಿ ನಾಲ್ಕು ಹೋಳು. ಹಿಂದಿನವರು ಗಡಿ ಗೆರೆ ಎಳೆದದ್ದು ಶಲಾಕೆಯ ಬುಡ ನೋಡಿ. ತುಳಸಿಯಲ್ಲಿ ಅಂಡಾಶಯ ನಾಲ್ಕು ಉಂಡೆಗಳಾಗಿ ಬಿರಿದು, ಅವುಗಳ ನಡುವಿನ ತಗ್ಗಿನಿಂದ ಶಲಾಕೆ ಹೊರಡುತ್ತದೆ. ಅಂಥವು ಪುದೀನದ ಕುಟುಂಬ. ಅಂಡಾಶಯದ ನೆತ್ತಿಯಿಂದ ಶಲಾಕೆ ಹೊರಟರೆ ಬಹುತೇಕ ವರ್ಬಿನೇಸಿ. ನೋಡಲು ಸುಲಭ, ಹೇಳಲು ಸುಲಭ.

ಆದರೆ 1934ರಲ್ಲಿ ಸ್ವೀಡನ್ನಿನ ಸ್ವೆನ್ ಯುನೆಲ್ ಎಂಬ ಸಸ್ಯವಿಜ್ಞಾನಿ ಅಂಡಾಶಯಗಳನ್ನು ತೆಳುವಾಗಿ ಕತ್ತರಿಸಿ, ಒಳಗೆ ಅಂಡಕಗಳು ಎಲ್ಲಿ ಅಂಟಿಕೊಂಡಿವೆ ಎಂಬುದನ್ನು ನೋಡಿದ. ಆ ಲಕ್ಷಣದಲ್ಲಿ ವರ್ಬಿನೇಸಿಯ ಒಂದು ದೊಡ್ಡ ಗುಂಪು ಪುದೀನದ ಕಡೆಗೇ ಹೊಂದುತ್ತಿತ್ತು. ಇವು ಅಲ್ಲಿಗೆ ಸೇರಬೇಕಾದವು ಎಂದು ಆತ ಹೇಳಿದರೂ ಬಹುಕಾಲ ಹೆಚ್ಚಿನವರು ಹಳೆಯ ಗೆರೆಯನ್ನೇ ಉಳಿಸಿಕೊಂಡರು. 1992ರಲ್ಲಿ ಫಿಲಿಪ್ ಕ್ಯಾಂಟಿನೊ ಮತ್ತು ಜೊತೆಗಾರರು ಮತ್ತೆ ಅದೇ ವಾದವನ್ನು ಹೆಚ್ಚಿನ ಆಧಾರಗಳೊಡನೆ ಮುಂದಿಟ್ಟರು. ಡಿ.ಎನ್.ಎ. ಹೋಲಿಕೆಯ ಅಧ್ಯಯನಗಳೂ ಅದನ್ನು ಎತ್ತಿಹಿಡಿದವು. ಪರಿಣಾಮವಾಗಿ ಕ್ಲೆರೋಡೆಂಡ್ರಮ್ ಒಂದೇ ಅಲ್ಲ, ನಮ್ಮ ತೇಗ, ಶಿವನೆ, ಲಕ್ಕಿ ಗಿಡ ಎಲ್ಲವೂ ಪುದೀನದ ಮನೆಗೆ ಬಂದವು. ತುಳಸಿಕಟ್ಟೆಯ ತುಳಸಿ, ಅಡಿಗೆಯ ಪುದೀನ, ಮಕ್ಕಳ ಕೆಮ್ಮಿಗೆ ಹಿಂಡುವ ದೊಡ್ಡಪತ್ರೆ, ಶಿವನಿಗೆ ಏರಿಸುವ ತುಂಬೆ, ಬಾಗಿಲು ಮಾಡಿಸುವ ತೇಗ, ಗೋಡೆಯ ಮೇಲಿನ ಈ ಆಫ್ರಿಕದ ಬಳ್ಳಿ ಎಲ್ಲವೂ ಒಂದೇ ಮನೆತನ! ಈಗ ಆ ಕುಟುಂಬದಲ್ಲಿ ಸುಮಾರು 7,000 ಪ್ರಭೇದಗಳಿವೆ. ಲಂಟಾನ, ಡ್ಯುರಾಂಟಗಳು ಮಾತ್ರ ವರ್ಬಿನೇಸಿಯಲ್ಲೇ ಉಳಿದವು.

ಇದನ್ನು ನಾನು ಹೇಳಿದೆನೆಂದು ನಂಬಬೇಡಿ, ನೀವೇ ನೋಡಿ. ಲಂಟಾನದ ಒಂದು ಹೂಗುಚ್ಛ ತೆಗೆದುಕೊಳ್ಳಿ. ಅದರಲ್ಲಿ ಹೊರಸುತ್ತಿನ ಹೂಗಳು ಮೊದಲು ಅರಳಿ, ನಡುವಿನ ಮೊಗ್ಗುಗಳು ಕೊನೆಗೆ ಅರಳುತ್ತವೆ. ಈಗ ನಮ್ಮ ಬಳ್ಳಿಯ ಗೊಂಚಲಿನಲ್ಲಿ ಕವಲೊಡೆಯುವ ಒಂದು ಜಾಗವನ್ನು ಹಿಡಿಯಿರಿ. ಅಲ್ಲಿ ಎರಡು ಕವಲುಗಳ ನಡುವಿನ ಹೂ ಮೊದಲು ಅರಳುತ್ತದೆ, ಅಕ್ಕಪಕ್ಕದವು ಆಮೇಲೆ. ವರ್ಬಿನೇಸಿಯದು ಮೊದಲಿನ ಕ್ರಮ, ಪುದೀನದ ಕುಟುಂಬದ್ದು ಎರಡನೆಯ ಕ್ರಮ. ಸೂಕ್ಷ್ಮದರ್ಶಕ ಬೇಡ, ಪ್ರಯೋಗಶಾಲೆ ಬೇಡ. ನಾಲ್ಕು ದಿನ ಬಿಡದೆ ನೋಡುವ ತಾಳ್ಮೆ ಇದ್ದರೆ ಸಾಕು.

ಅಷ್ಟಾದರೂ ಈ ವರ್ಷಗಳಲ್ಲಿ ಸಸ್ಯ ತಾನು ಎಳ್ಳಷ್ಟೂ ಬದಲಾಗಲಿಲ್ಲ. ಬದಲಾದದ್ದು ನಮ್ಮ ತಿಳಿವಳಿಕೆ. ಪುಸ್ತಕದಲ್ಲಿ ಅಚ್ಚಾದ ಮೇಲೆ ಮುಗಿಯಿತು ಎನ್ನುವ ವಿಷಯ ವಿಜ್ಞಾನದಲ್ಲಿಲ್ಲ. ಹಳೆಯ ಪುಸ್ತಕ ಬರೆದವರು ದಡ್ಡರಲ್ಲ; ಅವರು ಒಂದು ಲಕ್ಷಣಕ್ಕೆ ಹೆಚ್ಚು ತೂಕ ಕೊಟ್ಟರು, ಮುಂದಿನವರು ಒಳಹೊಕ್ಕು ನೋಡಿ ತೂಕ ಬದಲಿಸಿದರು.

ಕಾಡು ಉಳಿದರೆ

ಒಂದು ಮಾತು ಉಳಿದಿದೆ. ನಮ್ಮ ಗೋಡೆಯ ಮೇಲೆ ಈ ಬಳ್ಳಿ ಸುಖವಾಗಿದೆ. ಒಂದು ಕಡ್ಡಿ ಮುರಿದು ನೆಟ್ಟರೆ ಚಿಗುರುತ್ತದೆ. ಆದರೆ ಕಡ್ಡಿಯಿಂದ ಕಡ್ಡಿಗೆ ಬೆಳೆಸಿದ ಗಿಡಗಳೆಲ್ಲ ಒಂದೇ ಗಿಡದ ನಕಲುಗಳು. ಬೀಜದಿಂದ ಬೀಜಕ್ಕೆ ಹೊಸ ಗುಣಗಳು ಹುಟ್ಟುತ್ತಾ, ಕೀಟ, ಹಕ್ಕಿಗಳೊಡನೆ ಕೊಟ್ಟುಕೊಳ್ಳುತ್ತಾ ಬಾಳುವ ಬಳ್ಳಿ ಇರುವುದು ತವರಿನ ಕಾಡಿನಲ್ಲಿ ಮಾತ್ರ. ಪಶ್ಚಿಮ ಆಫ್ರಿಕಾದ ಮಳೆಕಾಡಿನ ಬಹುಭಾಗ ತೋಟಗಳಿಗೂ ಹೊಲಗಳಿಗೂ ಮರದ ವ್ಯಾಪಾರಕ್ಕೂ ಹೋಗಿಬಿಟ್ಟಿದೆ. ಕಲಬಾರಿನ ಸಮೀಪದಲ್ಲಿ 1991ರಲ್ಲಿ ಸ್ಥಾಪನೆಯಾದ ಕ್ರಾಸ್ ರಿವರ್ ರಾಷ್ಟ್ರೀಯ ಉದ್ಯಾನ, ಗಡಿಯಾಚೆ ಕ್ಯಾಮರೂನಿನಲ್ಲಿ 1986ರಲ್ಲಿ ಸ್ಥಾಪನೆಯಾದ ಕೊರುಪ್ ಉದ್ಯಾನ, ಇಂಥ ಕಡೆಗಳಲ್ಲಿ ದೊಡ್ಡ ತುಂಡುಗಳು ಉಳಿದುಕೊಂಡಿವೆ. ಆ ಸೀಮೆಯ ಕ್ರಾಸ್ ನದಿ ಗೊರಿಲ್ಲಗಳು ಈಗ ಮುನ್ನೂರಕ್ಕಿಂತ ಕಡಿಮೆ. ಒಂದು ಸಸ್ಯ ಲೋಕದ ತೋಟಗಳಲ್ಲೆಲ್ಲ ಇದೆ ಎಂದ ಮಾತ್ರಕ್ಕೆ ಅದರ ಮನೆ ಕ್ಷೇಮವಾಗಿದೆ ಎಂದು ಅರ್ಥವಲ್ಲ. ನಮ್ಮ ಪಶ್ಚಿಮ ಘಟ್ಟಕ್ಕೂ ಇದೇ ಮಾತು ಸಲ್ಲುತ್ತದೆ.

ಮಿತ್ರರೇ, ಈ ವಾರ ನಿಮಗೊಂದು ಕೆಲಸ. ನಿಮ್ಮ ಬೀದಿಯಲ್ಲಿ ಈ ಬಳ್ಳಿ ಎಲ್ಲಿದೆ ಹುಡುಕಿ. ಮನೆಯವರನ್ನು ಕೇಳಿ ಒಂದು ಗೊಂಚಲಿಗೆ ದಾರ ಕಟ್ಟಿ ಗುರುತು ಮಾಡಿ. ಯಾವ ಹೂ ಯಾವ ದಿನ ಅರಳಿತು, ಕೇಸರಗಳು ಯಾವಾಗ ಸುರುಳಿಯಾದವು, ಶಲಾಕೆ ಯಾವಾಗ ಎದ್ದಿತು, ಯಾವ ಕೀಟ ಬಂತು, ಕುಡಿ ಯಾವ ದಿಕ್ಕಿಗೆ ಸುತ್ತಿದೆ, ಕಾಯಿ ಕಟ್ಟಿತೇ ಇಲ್ಲವೇ ಎಂದು ದಿನಾಂಕ ಸಹಿತ ಬರೆದಿಡಿ. ನಿಮ್ಮ ಅಜ್ಜಿಯನ್ನೋ ತೋಟದ ಮಾಲಿಯನ್ನೋ ಕೇಳಿ, ಅವರು ಅದನ್ನು ಏನೆಂದು ಕರೆಯುತ್ತಾರೆ ಎಂಬುದನ್ನೂ ಆ ಪುಟದಲ್ಲೇ ಸೇರಿಸಿ. ಕಲಬಾರಿನಿಂದ ಹೊರಟ ಲ್ಯಾಟಿನ್ ಹೆಸರು ಅಂಥ ಒಂದು ಹೆಸರನ್ನು ಬರೆದುಕೊಳ್ಳದೆ ಬಿಟ್ಟಿತು. ನಿಮ್ಮ ನೋಟ್ ಪುಸ್ತಕದಲ್ಲಿ ಆ ಜಾಗ ಖಾಲಿ ಉಳಿಯದಿರಲಿ.